ಎದೆ ನಿಮ್ಮದು, ಹೊಟ್ಟೆ ಯಾರದು?

ಶುಕ್ರವಾರ, ಮಧ್ಯಾಹ್ನ

ಹೃದಯದ ಡಾಕ್ಟರ್ ಸಾಹೇಬರಿಗೆ,

ಮನೆ ಬೇರೆ ಮಾಡಿದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕ್ಷೇಮ ಸಮಾಚಾರಕ್ಕಲ್ಲ. ನನಗೆ ಮೈಯೆಲ್ಲ ಉರಿಯುತ್ತಿದೆ.

ನಿನ್ನೆ ಆ ಬಡಗಿಯ ಹೃದಯದ ಕವಾಟ ಬದಲಿಸಿದಿರಿ. ನಿಮ್ಮ ಹೊಲಿಗೆಯಲ್ಲಿ ಕುಂದಿಲ್ಲ, ಒಪ್ಪಿದೆ. ಆದರೆ ಆಮೇಲೆ ರಕ್ತದೊತ್ತಡ ಕುಸಿಯಿತು, ಮೂತ್ರ ನಿಂತಿತು, ನನ್ನ ಉಸಿರಾಟದ ಯಂತ್ರ ಏದುಸಿರು ಬಿಡತೊಡಗಿತು. "ಡ್ರಿಪ್ ಜಾಸ್ತಿ ಮಾಡ್ಲಿ" ಎಂದಿರಿ. ಅರಿವಳಿಕೆ ಕೊಡುವವಳು ನಾನು. ಹಸಿರು ಬಟ್ಟೆಯ ಕೆಳಗೆ ಕೈ ತೂರಿಸಿ ನೋಡಿದೆ. ಹೊಟ್ಟೆ ಗಾಳಿ ತುಂಬಿದ ಟಯರಿನ ಹಾಗೆ ಬಿಗಿದಿತ್ತು. ಒಳಗಿನ ಒತ್ತಡಕ್ಕೆ ರಕ್ತ ಹೃದಯಕ್ಕೆ ಮರಳುತ್ತಲೇ ಇರಲಿಲ್ಲ. ಕೊಟ್ಟ ಡ್ರಿಪ್ಪೂ ಆ ಊತಕ್ಕೇ ಸೇರುತ್ತಿತ್ತು.

ನಾವಿಬ್ಬರೂ ಆಪರೇಷನ್ ಕೋಣೆಯಲ್ಲೂ ನೇರ ಮಾತಾಡುವುದಿಲ್ಲವಲ್ಲ, ಹೊಟ್ಟೆ ಕೂಡಲೇ ತೆರೆಯಬೇಕೆಂದು ಎಂದಿನಂತೆ ಸಿಸ್ಟರ್ ಕೈಲಿ ಹೇಳಿಸಿದೆ. ಪಾಪ, ಆಕೆ ನಿಮಗೆ ಹೆದರಿ, "ಸರ್, ಹೊಟ್ಟೆ ಒಂಚೂರು ನೋಡ್ಬೇಕಂತೆ ಮೇಡಂಗೆ" ಎಂದರು. ನೀವು ತಲೆಯೂ ಎತ್ತದೆ, "ಎದೆ ನಂದು. ಹೊಟ್ಟೆ ಅವರೇ ನೋಡ್ಕೊಳ್ಳಲಿ ಅನ್ನಿ" ಎಂದಿರಿ. ಮತ್ತೆ ಹೇಳಿಸಿದೆ. ಮತ್ತೆ ಅದೇ ಉತ್ತರ. ಕೊನೆಗೆ ನಾನೇ ಹೊಟ್ಟೆಯ ಸರ್ಜನ್ನರನ್ನು ಕರೆಸಿದೆ. ಅವರು ಹೊಟ್ಟೆ ತೆರೆದದ್ದೇ ತಡ, ರಕ್ತದೊತ್ತಡ ಏರಿತು. ಅಷ್ಟರಲ್ಲಿ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಈಗ ಡಯಾಲಿಸಿಸ್ ನಡೆಯುತ್ತಿದೆ, ಬದುಕುತ್ತಾರೋ ಇಲ್ಲವೋ ಗೊತ್ತಿಲ್ಲ.

ನನ್ನ ಸಿಟ್ಟು ಅಷ್ಟಕ್ಕೇ ಅಲ್ಲ. ಹೊರಗೆ ಹೋಗಿ ಅವರ ಹೆಂಡತಿಗೆ ಏನೆಂದಿರಿ? "ತಡವಾಗಿ ಕರ್ಕೊಂಡು ಬಂದ್ರಿ, ಹೃದಯ ಸೋತುಹೋಗಿತ್ತು." ಹೇಗೆ ಬಾಯಿ ಬಂತು ನಿಮಗೆ? ಆ ಹೆಂಗಸು ಐಸಿಯು ಬಾಗಿಲಲ್ಲಿ ಕೂತು, "ಎಲ್ಲಾ ನನ್ನಿಂದಾನೇ ಆಯ್ತು" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಾರೆ. ತಡ ಮಾಡಿದ್ದು ಅವರೇ? ನಾಚಿಕೆಯಾಗಬೇಕು!

ಸಂಜೆ ನಾನು ಅವರ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳುತ್ತೇನೆ. ನಿಮ್ಮ ಮಾನ ಹೋದರೆ ಹೋಗಲಿ. ಒಂದಿಷ್ಟಾದರೂ ಮರ್ಯಾದೆ ಉಳಿದಿದ್ದರೆ ನೀವೂ ಬನ್ನಿ. ಸಿಸ್ಟರ್ ಕೈಲಿ ಉತ್ತರ ಕಳಿಸಬೇಡಿ.

ಇಂತಿ,
ಕಾಗದಪತ್ರದಲ್ಲಿ ಇನ್ನೂ ನಿಮ್ಮ ಹೆಂಡತಿ

ತಾ.ಕ.: ಆಪರೇಷನ್ನಿಗೆ ಮುಂಚೆ ಆ ಬಡಗಿ ನನ್ನ ಕೈ ಹಿಡಿದುಕೊಂಡು, "ಗಂಡ ಹೆಂಡ್ತಿ ಇಬ್ರೂ ಒಳಗಿರ್ತೀರಂತೆ, ಇನ್ನೇನು ಭಯ ನಂಗೆ" ಅಂದಿದ್ದರು. ನಾನು ಹೂಂ ಅಂದಿದ್ದೆ.