ಬಾಲವಿದ್ದ ಆರು

ಫೆಬ್ರವರಿ ಮೂವತ್ತು, ೨೪೧೨

ಪ್ರಭಾಮಣಿಯವರಿಗೆ, ಏರಿಕೆಳಗಿನ ಊರಿನ ತಂಗೆಮ್ಮನ ನಮಸ್ಕಾರಗಳು. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ, ತಾರೀಖು ನೋಡಿ ಗಾಬರಿಯಾಗಬೇಡಿ. ನಾನೂರು ವರ್ಷದಲ್ಲಿ ಮಾತೂ ಸವೆದಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವೀಗ ಕಲ್ಲುಕುಟಿಗರ ಹಳೆಯ ಲಿಪಿಯ ಅಂಕಿಗಳನ್ನು ಕಂಪ್ಯೂಟರಿಗೆ ಸೇರಿಸಲು ಪಟ್ಟಿ ಮಾಡುತ್ತಿದ್ದೀರಿ. ಒಂದೊಂದು ಅಂಕಿಗೆ ಒಂದೊಂದು ಮನೆ. ಒಂಬತ್ತರ ಮನೆಯಲ್ಲಿ ಎರಡು ರೂಪ ಬರೆದು, ‘ಕೆಳಗಿನ ಬಾಲ ಬರೀ ಚಂದಕ್ಕೆ’ ಎಂದು ಟಿಪ್ಪಣಿ ಹಾಕಿದ್ದೀರಿ. ಆರರ ಮನೆ ಖಾಲಿ, ‘ಸಿಕ್ಕಿಲ್ಲ’ ಎಂದಿದೆ. ಸಿಕ್ಕಿದೆ, ತಾಯಿ. ಬಾಲವಿದ್ದದ್ದೇ ಆರು. ಆ ಪಟ್ಟಿ ನಮ್ಮ ಕಾಲಕ್ಕೂ ಉಳಿದಿದೆ. ಒಮ್ಮೆ ಕೊಟ್ಟ ಸಂಕೇತವನ್ನು ಎಂದೂ ಬದಲಿಸಬಾರದೆಂಬ ನಿಮ್ಮವರ ನಿಯಮವೂ ಉಳಿದಿದೆ, ಉಡದ ಪಟ್ಟು ಅದು.

ಜಲಾಶಯಗಳೆಲ್ಲ ಹೂಳು ತುಂಬಿದ ಮೇಲೆ ನಾವು ಹಳೆಯ ಕೆರೆಗಳ ಕೆಳಗೆ ಮನೆ ಕಟ್ಟಿಕೊಂಡೆವು. ನೀರು ಎಷ್ಟು ಮೊಳ ಏರಿದಾಗ ತೂಬು ತೆರೆಯಬೇಕೆಂದು ಪಕ್ಕದ ಕಲ್ಲಿನಲ್ಲಿ ಅದೇ ಹಳೆಯ ಲಿಪಿಯಲ್ಲಿ ಕೊರೆದಿರುತ್ತದೆ. ಅದನ್ನು ಓದುವುದು ಓದುಗಣ್ಣು, ಅಂದರೆ ನಿಮ್ಮ ಪಟ್ಟಿಯನ್ನೇ ನುಂಗಿಕೊಂಡು, ಊರಿನ ಕಲ್ಲುಗಳನ್ನೆಲ್ಲ ಓದುತ್ತ ಓಡಾಡುವ ಯಂತ್ರ. ತೂಬಿನ ಬೀಗವೂ ಅದರ ಕೈಯಲ್ಲೇ. ಅದರ ಓದಿಗೆ ಮುದ್ರೆ ಒತ್ತುವುದು ನನ್ನ ಕೆಲಸ.

ನಮ್ಮ ಕಲ್ಲನ್ನು ಅದು ಒಂಬತ್ತು ಮೊಳ ಎಂದು ಓದಿತು. ಕೆರೆ ಕಾಯುವ ನೀರುಗಂಟಿ ನನ್ನ ತಮ್ಮ ಹೊನ್ನಪ್ಪ. “ಅಕ್ಕಾ, ಅವ್ವ ಹೇಳಿದ್ದು ಮರತಿಯೇನು? ಬಾಲ ಇದ್ರ ಆರು. ಒಂಬತ್ತು ಮೊಳಕ್ಕ ಏರಿ ತಡಿಯಂಗಿಲ್ಲ” ಎಂದು ಗೋಗರೆದ. “ಪಟ್ಟಿಗಿಂತ ನೀ ಶಾಣ್ಯಾ ಏನು?” ಎಂದು ಗದರಿ ನಾನು ಮುದ್ರೆ ಒತ್ತಿದೆ.

ಆ ಮಳೆಗಾಲ ನೀರು ಏಳು ಮೊಳ ದಾಟಿತು. ಬೀಗ ಬಿಚ್ಚಲಿಲ್ಲ. ಹೊನ್ನಪ್ಪ ಹಾರೆ ಹಿಡಿದು ತೂಬಿಗಿಳಿದ. ಏರಿ ಒಡೆಯಿತು. ನಲವತ್ತೊಂದು ಮನೆ ಕೊಚ್ಚಿಹೋದವು. ಅವನು ಮೂರನೆಯ ದಿನ ಸಿಕ್ಕ.

ನಿಮ್ಮನ್ನು ಬಯ್ಯಬೇಕೆಂದೇ ಬರೆಯಲು ಕೂತೆ. ಬಯ್ಯಲು ಬಾಯಿ ಬರುತ್ತಿಲ್ಲ. ನೀವು ನೋಡಿದ್ದು ಹತ್ತು ಕಲ್ಲಿನ ಪಟಗಳನ್ನು; ನನ್ನೆದುರು ತಮ್ಮನೇ ನಿಂತಿದ್ದ. ಪಟ್ಟಿ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ಬಾಲವಿದ್ದ ಅಂಕಿಯನ್ನು ಎತ್ತಿ ಆ ಖಾಲಿ ಮನೆಯಲ್ಲಿಡಿ. ಅರೆಗಳಿಗೆಯ ಕೆಲಸ. ಕಾಲಿಗೆ ಬಿದ್ದು ಕೇಳುತ್ತೇನೆ.

ಹೊನ್ನಪ್ಪನ ಸಮಾಧಿಗಲ್ಲಿನ ಮೇಲೆ ಅವನ ವಯಸ್ಸನ್ನು ಅದೇ ಲಿಪಿಯಲ್ಲಿ, ಬಾಲ ಸಮೇತ, ನಾನೇ ಕೊರೆದೆ: ಮೂವತ್ತಾರು. ನಿನ್ನೆ ಓದುಗಣ್ಣು ಬಂದು ಅದನ್ನು ಮೂವತ್ತೊಂಬತ್ತು ಎಂದು ಓದಿತು. ಅವನು ಬಾಳದ ಮೂರು ವರ್ಷ ಸೇರಿಸಿ, ಮುದ್ರೆಗಾಗಿ ನನ್ನ ಕಡೆ ತಿರುಗಿತು.