ಹೇಳಿದಷ್ಟೇ ಬರೆದೆ

ಜುಲೈ ೧೪, ಸೋಮವಾರ ಬೆಳಿಗ್ಗೆ

ನನ್ನ ಪುಟ್ಟಿಗೆ,

ಅಮ್ಮನ ಕಾಗದ ನೋಡಿ ಗಾಬರಿಯಾಗಬೇಡ, ಗಟ್ಟಿಮುಟ್ಟಾಗಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ಒಂದೋ ಕುಕ್ಕರ್ ಕೂಗುತ್ತದೆ, ಇಲ್ಲವೇ ನನಗೆ ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ನಿನ್ನ ತಲೆ ತಿನ್ನುತ್ತಿದ್ದೆನಲ್ಲ, ಆಗ ನೀನೇ ರೇಗಿ, ಯಾವುದಾದರೂ ಸೇವಾ ಸಂಸ್ಥೆಗೆ ಹೋಗು ಎಂದಿದ್ದೆ. ಸಿಟ್ಟು ಬಂತು. ಆದರೂ ಹೋದೆ. ಬಸ್ ನಿಲ್ದಾಣದ ಹಿಂದೆ, ಟೈರ್ ಅಂಗಡಿಯ ಮೇಲೆ ಎರಡೇ ಕೋಣೆ. ಕಣ್ಣು ಕಾಣದವರು ಪರೀಕ್ಷೆಯಲ್ಲಿ ಉತ್ತರ ಹೇಳುತ್ತಾರೆ, ಪಕ್ಕದಲ್ಲಿ ಕೂತು ನಾವು ಬರೆದುಕೊಡಬೇಕು. ಸಂಸ್ಥೆ ನಡೆಸುವ ಮೇಡಂ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದರು: “ನಿಮ್ಮ ಕೈ ಮಾತ್ರ ಕೊಡಿ. ತಲೆ ಮನೇಲೇ ಇಟ್ಟು ಬನ್ನಿ.”

ಯಾರಿಗೆ ಹೇಳಿದರು ನೋಡು! ಮೂವತ್ತೆರಡು ವರ್ಷ ಸಾಹೇಬರ ಟಿಪ್ಪಣಿ ಟೈಪ್ ಮಾಡುತ್ತ, ಅವರ ತಪ್ಪನ್ನು ಅವರಿಗೇ ತಿಳಿಯದಂತೆ ತಿದ್ದಿದವಳು ನಾನು.

ನನ್ನ ಪಾಲಿಗೆ ಬಂದವಳು ಒಂದು ಆಸ್ಪತ್ರೆಯಲ್ಲಿ ಫೋನ್ ಎತ್ತುವ ಹುಡುಗಿ. ದಿನವಿಡೀ ಅದೇ ನಾಲ್ಕು ಮಾತು ಹೇಳುವುದರಿಂದ ಎಲ್ಲರೂ ‘ಗಿಳಿ’ ಎನ್ನುತ್ತಾರೆ. ಅವಳೂ ಹಾಗೇ ಪರಿಚಯ ಮಾಡಿಕೊಂಡಳು. ಫಿಸಿಯೋಥೆರಪಿ ಓದಬೇಕೆಂಬ ಹಂಬಲ. ವರ್ಷಕ್ಕೊಂದೇ ಪ್ರವೇಶ ಪರೀಕ್ಷೆ, ಇದು ಎರಡನೇ ಸಲ.

ಪರೀಕ್ಷೆಯ ದಿನ ನಮಗೆ ಬೇರೆಯೇ ಕೋಣೆ, ಬಾಗಿಲಲ್ಲಿ ಮೇಲ್ವಿಚಾರಕರು. ಅರ್ಧ ದಾರಿ ಸಲೀಸಾಗಿ ಸಾಗಿತು. ಆಮೇಲೆ ರಕ್ತನಾಳದ ಪ್ರಶ್ನೆ. ಅಪಧಮನಿ ರಕ್ತವನ್ನು ಹೃದಯಕ್ಕೆ ತರುತ್ತದೆ, ಅಭಿಧಮನಿ ಹೊರಕ್ಕೆ ಒಯ್ಯುತ್ತದೆ ಎಂದಳು ಗಿಳಿ. ತಿರುಗುಮುರುಗು! ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ವಾರ್ಡಿನ ಹೊರಗಿನ ಚಿತ್ರದಲ್ಲಿ ಆ ಎರಡು ಪದಗಳನ್ನು ಎಷ್ಟು ಸಲ ಓದಿದ್ದೆನೋ. ನನ್ನ ಪೆನ್ನು ನಿಂತುಬಿಟ್ಟಿತು. ಎರಡಕ್ಷರ ಬದಲಿಸಿದರೆ ಮುಗಿಯಿತು, ಯಾರಿಗೂ ತಿಳಿಯುತ್ತಿರಲಿಲ್ಲ.

“ಯಾಕೆ ಆಂಟಿ, ನಿಲ್ಲಿಸಿದ್ರಿ?” ಎಂದಳು.

ಕೈ ಜೋಮು ಹಿಡಿಯಿತು ಎಂದು ಸುಳ್ಳು ಹೇಳಿದೆ. ಅವಳು, “ಸುಧಾರಿಸ್ಕೊಳ್ಳಿ. ಆದ್ರೆ ನಾನು ಹೇಳಿದ್ದೇ ಬರೀರಿ,” ಎಂದಳು. ಹೇಳಿದಷ್ಟೇ ಬರೆದೆ. ಬರೆಯುವಾಗ ಹಲ್ಲು ಕಚ್ಚಿಕೊಂಡಿದ್ದೆ.

ಶುಕ್ರವಾರ ಫಲಿತಾಂಶ ಬಂತು. ಎರಡು ಅಂಕದಲ್ಲಿ ಸೀಟು ಹೋಯಿತು, ಪುಟ್ಟಿ. ಎರಡೇ ಎರಡು, ಆ ರಕ್ತನಾಳದ ಪ್ರಶ್ನೆಗಿದ್ದಷ್ಟೇ.

ಎರಡು ದಿನ ಹೇಗೋ ತಡೆದುಕೊಂಡೆ. ನಿನ್ನೆ ಅವಳ ಕೆಲಸದ ಜಾಗಕ್ಕೇ ಹೋಗಿ, ನನಗೆ ಉತ್ತರ ಗೊತ್ತಿತ್ತು ಎಂದು ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಿವಿಯಿಂದ ಹೆಡ್‌ಫೋನ್ ತೆಗೆದು, “ನಿಮ್ ಪೆನ್ ನಿಂತಾಗ್ಲೇ ಗೊತ್ತಾಯ್ತು ಆಂಟಿ, ಎಲ್ಲೋ ಎಡವಿದೀನಿ ಅಂತ. ಹತ್ತನೇ ಕ್ಲಾಸಲ್ಲಿ ಬರೆದುಕೊಟ್ಟವರು ಪಾಪ ಅಂತ ತಿದ್ದಿ ತಿದ್ದಿ ಬರೆದಿದ್ರು. ಆ ಮಾರ್ಕ್ಸ್ ಕಾರ್ಡ್ ನಂದೋ ಅವರ್ದೋ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಇದು ನಂದೇ. ಹೋಗಿದ್ದೂ ನಂದೇ,” ಎಂದಳು. ಮಾತು ಮುಗಿಸಿ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಅವಳೇನು ಕಲ್ಲಲ್ಲವಲ್ಲ.

ಆಮೇಲೆ ನನ್ನ ಕೈ ಹುಡುಕಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿದಳು. “ಇದು ಅಪಧಮನಿ. ಹೃದಯದಿಂದ ಹೊರಕ್ಕೆ. ಇನ್ನು ಮರೆಯಲ್ಲ. ಮುಂದಿನ ವರ್ಷಾನೂ ನೀವೇ ಬರ್ಬೇಕು,” ಎಂದಳು. ಬರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ.

ಊಟ ಹೊತ್ತುಹೊತ್ತಿಗೆ ಮಾಡು. ಅಳಿಯಂದಿರನ್ನು ಕೇಳಿದೆ ಎಂದು ಹೇಳು.

ಇಂತಿ ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ಚಿತ್ರಕಲಾ ಕಾಲೇಜಿನವರು ನಿನಗೆ ಸೀಟು ಕೊಡಲಿಲ್ಲ ಎಂದು ನೀನು ಬಣ್ಣದ ಡಬ್ಬಿಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟೆ. ಅವರು ನಿನ್ನನ್ನು ಬೇಡವೆನ್ನಲಿಲ್ಲ, ಮಗಳೇ. ನಿನ್ನ ಅರ್ಜಿ ಅವರ ಕೈಗೆ ಸೇರಲೇ ಇಲ್ಲ. ಟೈಪ್ ಮಾಡಿಕೊಡುತ್ತೇನೆಂದು ಇಸಕೊಂಡವಳು, ಕಾಮರ್ಸ್ ಎಂದು ಬರೆದು ಬೇರೆ ಕಾಲೇಜಿಗೆ ಕಳಿಸಿದೆ. ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ನೀನು ಏನು ಬೈದು ಬರೆದರೂ ಓದುತ್ತೇನೆ. ಬರೆಯದೇ ಮಾತ್ರ ಇರಬೇಡ.