ಅಕ್ಕ ಬರೆದ ಕೊರೈಜಾ

ಹದಿನಾರನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಿನ್ನನ್ನು ಕೇಳಿದ್ದು ರಜೆಗೊಂದು ಚೀಟಿ. ಮೂಗು ಕಟ್ಟಿ, ಬಸ್ ನಿಲ್ದಾಣದ ಮೈಕಿನಲ್ಲಿ ನಾನು ‘ಮುಂದಿನ ಬಸ್ಸು’ ಎಂದು ಕೂಗಿದರೆ ‘ಬುಂದಿದ ಬಸ್ಸು’ ಎಂದು ಕೇಳಿಸಿ ಪ್ರಯಾಣಿಕರು ನಗುತ್ತಿದ್ದರು. ‘ಮೂಗು ಕಟ್ಟಿದೆ’ ಎಂದು ಬರೆಯಲು ನಿನ್ನ ಡಾಕ್ಟರ್ ಕೈಗೆ ಏನಾಗಿತ್ತು? ‘ಅಕ್ಯೂಟ್ ಕೊರೈಜಾ’ ಎಂದು ಗೀಚಿ ಕಳಿಸಿದೆ.

ನಮ್ಮ ಮೇಲ್ವಿಚಾರಕರು ಅದನ್ನು ಓದಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಅಂಟುರೋಗವೇ ಎಂದು ಕೇಳಿದರು. ನನಗೇನು ಗೊತ್ತು? ಕಣ್ಣು ಕಣ್ಣು ಬಿಟ್ಟೆ. ಅಷ್ಟೇ ಸಾಕಾಯಿತು. ಮೈಕಿಗೆ ಔಷಧಿ ಹೊಡೆಸಿದರು, ನಾನು ನೀರು ಕುಡಿಯುವ ಲೋಟವನ್ನು ಕಸದ ಬುಟ್ಟಿಗೆ ಹಾಕಿಸಿದರು, ವಾಸಿಯಾಗಿದೆ ಎಂದು ಬರೆಸಿಕೊಂಡು ಬರುವವರೆಗೆ ಇತ್ತ ಕಾಲಿಡಬೇಡ ಎಂದರು. ಈಗ ನನ್ನ ಜಾಗದಲ್ಲಿ ಟಿಕೆಟ್ ಕೌಂಟರಿನವಳು ಕೂಗುತ್ತಿದ್ದಾಳೆ.

ಫೋನು ಮಾಡಿದರೆ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊರೈಜಾ ಎಂದರೆ ಮೂಗಿನ ಒಳಪೊರೆ ಊದಿಕೊಂಡು ಕಟ್ಟುವುದು, ಸೋರುವುದು, ಬರೀ ನೆಗಡಿ ಎಂದೆ. “ಪುಸ್ತಕದಲ್ಲಿ ಹಾಗೇ ಇರೋದು ಕಣೇ. ನೆಗಡಿ ಅಂತ ಬರೆದ್ರೆ ಯಾರು ರಜೆ ಕೊಡ್ತಾರೆ?”

ಕೊಟ್ಟರಲ್ಲ, ಕೈತುಂಬ ಕೊಟ್ಟರು. ಬರೆದವಳು ನೀನು, ಮಾನ ಹೋದದ್ದು ನನ್ನದು.

ಆ ಪದ ನಿನಗೆ ಗೊತ್ತು, ಸರಿ. ಎದುರಿಗಿದ್ದವರಿಗೆ ಗೊತ್ತಾಯಿತೇ ಎಂದು ನೀನು ಒಂದು ದಿನವೂ ತಿರುಗಿ ನೋಡಿದವಳಲ್ಲ. ಇನ್ನೊಂದು ಚೀಟಿ ಕಳಿಸು. ‘ನೆಗಡಿಯಾಗಿತ್ತು, ವಾಸಿಯಾಗಿದೆ’ ಎಂದು ನಮ್ಮ ಮಾತಿನಲ್ಲೇ ಬರೆ.

ಭಾವನಿಗೆ ನಮಸ್ಕಾರ ಹೇಳು. ಮಗುವಿಗೆ ನನ್ನ ಮುತ್ತು. ನೀನೂ ಸುಖವಾಗಿರು. ಸಿಟ್ಟಿದ್ದರೂ ಇದನ್ನು ಮನಸಾರೆ ಹೇಳುತ್ತಿದ್ದೇನೆ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಜಗಳ ನೆಗಡಿಯದ್ದಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ವಾರ್ಡಿನಿಂದ ಹೊರಗೆ ಬಂದು, “ಕಂಡೀಷನ್ ಗಾರ್ಡೆಡ್” ಎಂದಷ್ಟೇ ಹೇಳಿ ಸರಸರ ಒಳಗೆ ಹೋದೆ. ನನಗೆ ಗೊತ್ತಿದ್ದ ಗಾರ್ಡ್ ಎಂದರೆ ಕಾವಲಿನವನು. ಅಪ್ಪನನ್ನು ಯಾರೋ ಜೋಪಾನವಾಗಿ ಕಾಯುತ್ತಿದ್ದಾರೆ ಎಂದುಕೊಂಡು, ಅಮ್ಮನನ್ನೂ ಎಬ್ಬಿಸಿಕೊಂಡು ಊಟಕ್ಕೆ ಮನೆಗೆ ಹೋದೆ. ನಾವು ಉಣ್ಣುತ್ತಿರುವಾಗ ಅಪ್ಪ ಹೋದರು. ‘ಉಳಿಯೋದು ಕಷ್ಟ, ಇಲ್ಲೇ ಇರಿ’ ಎಂದು ನೀನು ಹೇಳಿದ್ದರೆ ನಾವು ಎದ್ದು ಹೋಗುತ್ತಿದ್ದೆವೇ, ಅಕ್ಕಾ?